ಹಚ್ಚಿ ನೋಡಿದ್ದಾರೆ

"ಇದನ್ನ ಹಾಕ್ಕೊಂಡು ಯಾವುದೋ ಪಾರ್ಟಿಗೆ ಹೋಗಿ ಬಂದಿದಾರೆ," ಎಂದು ಸೆಂಟಕ್ಕ ಸೀಸೆಯನ್ನು ಮೂಗಿನಿಂದ ದೂರ ಸರಿಸಿದಳು. "ಸೀಸೆ ಮೂತಿ ಚೆನ್ನಾಗಿ ಒರೆಸಿದಾರೆ, ಮುಚ್ಚಳದ ಒಳಗಡೆ ಒರೆಸೋದು ಮರೆತಿದಾರೆ. ಕೆಂಪು ಹಾಕು."

ಕತ್ತರಿ ಕೆಂಪು ಚೀಟಿ ಅಂಟಿಸಿದಳು. ವಾಪಸು ಬಂದ ಡಬ್ಬಿಗಳನ್ನು ಕೊಯ್ದು ಬಿಚ್ಚುವುದು ಅವಳ ಕೆಲಸ, ಅದಕ್ಕೇ ಆ ಹೆಸರು ಎಂದು ಹೊಸಬರು ತಿಳಿಯುತ್ತಿದ್ದರು. ಎರಡು ದಿನ ಪಕ್ಕದಲ್ಲಿ ಕೂತರೆ ಸಾಕು, ಹೆಸರು ಬಂದದ್ದು ಕೈಯಿಂದಲ್ಲ, ಬಾಯಿಂದ ಎಂದು ಗೊತ್ತಾಗಿಬಿಡುತ್ತಿತ್ತು.

"ಮಂದಿಗೆ ನಾಚಿಕೆ ಅನ್ನೋದೇ ಇಲ್ಲ ಬಿಡಿ. ಹಾಕ್ಕೊಂಡು ಮೆರೆದಾಡಿ, ಆಮೇಲೆ ಹಿಡಿಸಲಿಲ್ಲ ಅಂತ ವಾಪಸ್ಸು! ಊಟ ಮಾಡಿ ತಟ್ಟೆ ತೊಳೆದಿಟ್ಟು, ನಾನು ಉಪವಾಸ ಅಂದ ಹಾಗಾಯ್ತು."

ಸೆಂಟಕ್ಕ ನಕ್ಕಳು. ತೋಳು ಮಡಚಿ, ಮೊಣಕೈಯ ಒಳಬದಿಯನ್ನು ಮೂಗಿಗೆ ಹಿಡಿದು ಒಂದು ಸಲ ಉಸಿರೆಳೆದುಕೊಂಡಳು. ಎರಡು ಸೀಸೆಗಳ ನಡುವೆ ಮೂಗನ್ನು ಹೀಗೆ ತೊಳೆದುಕೊಳ್ಳಬೇಕು. ಸ್ವಂತ ಮೈಯ ವಾಸನೆಗಿಂತ ಒಳ್ಳೆಯ ಸಾಬೂನು ಮೂಗಿಗೆ ಇನ್ನೊಂದಿಲ್ಲ ಎಂದು ಅವಳು ಈ ಕೋಣೆಗೆ ಬಂದ ಎಲ್ಲರಿಗೂ ಕಲಿಸಿದ್ದಳು.

ಆನ್‌ಲೈನಿನಲ್ಲಿ ಸೆಂಟು ಮಾರುವ ಕಂಪನಿಯ ವಾಪಸಾತಿ ಕೋಣೆ ಅದು. ದೊಡ್ಡ ಗೋದಾಮಿನ ಒಂದು ಮೂಲೆಗೆ ಪ್ಲೈವುಡ್ಡಿನ ಗೋಡೆ ಎಬ್ಬಿಸಿ ಮಾಡಿದ್ದು. ಒಂದೇ ಕಿಟಕಿ, ಎರಡು ಉದ್ದನೆಯ ಮೇಜು, ಮೂಲೆಯಲ್ಲಿ ಒಂದು ತೊಟ್ಟಿ, ನಲ್ಲಿ. ಫೋನಿನಲ್ಲಿ ಸೀಸೆಯ ಚಿತ್ರ ನೋಡಿ ಸೆಂಟು ಕೊಳ್ಳುವವರಿಗೆ ಮೂಗಿನ ಸಹಾಯ ಬೇಕಲ್ಲ, ಅದಕ್ಕೆ ಕಂಪನಿ ಒಂದು ಉಪಾಯ ಮಾಡಿತ್ತು. ಪ್ರತಿ ದೊಡ್ಡ ಸೀಸೆಯ ಜೊತೆ ಕಿರುಬೆರಳಿನಷ್ಟು ಉದ್ದದ ಒಂದು ಟೆಸ್ಟರ್. ಮೊದಲು ಚಿಕ್ಕದನ್ನು ಹಚ್ಚಿ ನೋಡಿ, ಹಿಡಿಸದಿದ್ದರೆ ದೊಡ್ಡದನ್ನು ಬಿಚ್ಚದೆ ಹತ್ತು ದಿನದೊಳಗೆ ವಾಪಸು ಮಾಡಿ ಎಂದು ಡಬ್ಬಿಯೊಳಗೇ ಅಚ್ಚು ಹಾಕಿರುತ್ತಿದ್ದರು. ವಾಪಸು ಬಂದದ್ದಕ್ಕೆಲ್ಲ ಸೆಂಟಕ್ಕನ ಮೂಗೇ ನ್ಯಾಯಾಲಯ. ಏನನ್ನೂ ಮುಟ್ಟದೆ ಬಂದಿದ್ದರೆ 'ಮುಟ್ಟಿಲ್ಲ' ಎಂಬ ಹಸಿರು ಚೀಟಿ, ಮತ್ತೆ ಮಾರಾಟಕ್ಕೆ. ಟೆಸ್ಟರ್ ಮಾತ್ರ ತೆರೆದಿದ್ದರೆ 'ಹಚ್ಚಿ ನೋಡಿದ್ದಾರೆ' ಎಂಬ ಹಳದಿ ಚೀಟಿ, ಟೆಸ್ಟರ್ ಕಸಕ್ಕೆ. ದೊಡ್ಡ ಸೀಸೆಗೇ ಕೈ ಹಾಕಿದ್ದರೆ ಕೆಂಪು. ಕಳಿಸಿದವರ ಮನೆಗೇ ತಿರುಗಿ ಹೋಗುತ್ತದೆ. ಮೂರು ವರ್ಷದಲ್ಲಿ ಅವಳು ಒಂದು ಚೀಟಿಯನ್ನೂ ತಪ್ಪು ಹಾಕಿದವಳಲ್ಲ.

ಅವತ್ತು ಅವಳ ಮುಖದಲ್ಲಿ ಹೊಸ ಗೆಲುವಿತ್ತು. ಬೆಳಿಗ್ಗೆ ಬಸ್ಸು ಹತ್ತುವ ಹೊತ್ತಿಗೆ ತಂಗಿಯ ಫೋನು ಬಂದಿತ್ತು.

"ಅಕ್ಕಾ, ಮಾತಾಡಿದೆ ಕಣೇ ಅವಳ ಹತ್ರ. ಸೆಂಟು ತಲುಪಿದೆಯಂತೆ."

"ಅದು ನನಗೆ ಕಂಪ್ಯೂಟರಲ್ಲೇ ಗೊತ್ತಾಯ್ತು. ಏನಂದ್ಲು?"

"ಏನಂತಾಳೆ... ಹಚ್ಕೊಂಡ್ಲಂತೆ. ಚೆನ್ನಾಗಿದೆ ಅಂದ್ಲು."

"ಮಣಿಕಟ್ಟಿಗಾ? ಕತ್ತಿಗಾ?"

"ಅಯ್ಯೋ, ಅದನ್ನೆಲ್ಲ ಯಾರಾದ್ರೂ ಕೇಳ್ತಾರಾ? ಚೆನ್ನಾಗಿದೆ ಅಂದ್ಲು ಅಂದ್ನಲ್ಲ. ಇಡ್ಲಾ, ಹಾಲು ಉಕ್ತಿದೆ."

ನಾಲ್ಕು ವರ್ಷ. ಮಗಳ ಬಾಯಿಂದ ತನಗಾಗಿ ಹೊರಟ ಒಂದು ಮಾತು ಬಳಸಿ ಬಳಸಿಯಾದರೂ ತನ್ನ ಕಿವಿಗೆ ಬೀಳಲು ನಾಲ್ಕು ವರ್ಷ ಹಿಡಿದಿತ್ತು. ಬಸ್ಸಿನಲ್ಲಿ ಕಂಬಿ ಹಿಡಿದು ನಿಂತು, 'ಚೆನ್ನಾಗಿದೆ' ಎಂಬ ಆ ಮಾತನ್ನು ಸೆಂಟಕ್ಕ ಬಾಯಲ್ಲಿ ಕಲ್ಲುಸಕ್ಕರೆಯ ಹಾಗೆ ಇಟ್ಟುಕೊಂಡು ಬಂದಿದ್ದಳು.

ಇಲ್ಲಿಗೆ ಬರುವ ಮೊದಲು ಇಪ್ಪತ್ತೆರಡು ವರ್ಷ ಅವಳು ಪೇಟೆಯ ನಾಲ್ಕು ಮಹಡಿಯ ಅಂಗಡಿಯೊಂದರಲ್ಲಿ ಸೆಂಟಿನ ಕೌಂಟರಿನ ಹಿಂದೆ ನಿಂತವಳು. ಗಂಡ ತೀರಿಹೋದಾಗ ಮಗಳಿಗೆ ಐದು ವರ್ಷ. ಆ ಕೌಂಟರೇ ಇಬ್ಬರನ್ನೂ ಸಾಕಿತು. ಗಿರಾಕಿ ಕಾಗದದ ಪಟ್ಟಿ ಮೂಸಿ ಮೂಸಿ ತಲೆ ತಿರುಗಿ ನಿಂತಾಗ ಸೆಂಟಕ್ಕ ಪಟ್ಟಿ ಕಿತ್ತುಕೊಂಡು, ಮಣಿಕಟ್ಟಿಗೆ ಒಂದೇ ಒಂದು ಸಲ ಸಿಂಪಡಿಸಿ ಹೇಳುತ್ತಿದ್ದಳು: "ಈಗ ಬರ್ತಿರೋ ವಾಸನೆ ನಂಬಬೇಡಿ. ಮೊದಲು ಬರೋದು ಬರೀ ಆಡಂಬರ. ಉಜ್ಜಬೇಡಿ, ತೊಳೀಬೇಡಿ. ಸಂಜೆವರೆಗೆ ಕಾಯಿರಿ. ಸಂಜೆಗೆ ಏನು ಉಳಿಯುತ್ತೋ ಅದೇ ನಿಮ್ಮದು." ಗಿರಾಕಿಗಳು ಸಂಜೆಗೆ ಮರಳಿ ಬಂದು ಕೊಂಡು ಹೋಗುತ್ತಿದ್ದರು. ಯಾರಿಗೆ ಯಾವ ಸೀಸೆ ಮಾರಿದೆ ಎಂಬುದು ಅವಳ ಮೂಗಿನಲ್ಲಿ ವರ್ಷಗಟ್ಟಲೆ ಇರುತ್ತಿತ್ತು. ದಾರಿಯಲ್ಲಿ ಎದುರಾದವರ ಮುಖ ಮರೆತರೂ ಸೆಂಟು ಮರೆಯುತ್ತಿರಲಿಲ್ಲ. ಅದರ ಬಗ್ಗೆ ಅವಳಿಗೆ ಜಂಬವೂ ಇತ್ತು, ಇಲ್ಲವೆಂದರೆ ಸುಳ್ಳಾಗುತ್ತದೆ.

ಆ ಜಂಬವೇ ಮನೆ ಮುರಿಯಿತು.

ಮಗಳು ಆಗ ಒಬ್ಬ ಹಲ್ಲಿನ ಡಾಕ್ಟರ ಕ್ಲಿನಿಕ್ಕಿನಲ್ಲಿ ಕೆಲಸಕ್ಕಿದ್ದಳು. ಬಂದವರ ಹೆಸರು ಬರೆದುಕೊಂಡು, ಸರದಿಯ ಪ್ರಕಾರ ಒಳಗೆ ಕಳಿಸುವ ಕೆಲಸ. ಒಂದು ದಿನ ಮಗಳ ಶಾಲು ಮಡಚಿಡುವಾಗ ಸೆಂಟಕ್ಕನ ಕೈ ನಿಂತಿತು. ಹೊಸ ಚರ್ಮದ ಚೀಲದಲ್ಲಿ ಏಲಕ್ಕಿ ಕಟ್ಟಿಟ್ಟಂಥ ವಾಸನೆ. ಗಂಡಸರ ಸೆಂಟು, ದುಬಾರಿಯದು. ಆ ವರ್ಷವಿಡೀ ತನ್ನ ಕೌಂಟರಿನಿಂದ ಹೋಗಿದ್ದು ಒಂದೇ ಸೀಸೆ, ಕೊಂಡವನು ಅದೇ ಹಲ್ಲಿನ ಡಾಕ್ಟರು. ಹೆಂಡತಿ, ಇಬ್ಬರು ಮಕ್ಕಳಿರುವವನು. ಮರುದಿನವೂ ಶಾಲು ಮೂಸಿದಳು. ಅದರ ಮರುದಿನವೂ. ವಾಸನೆ ದಿನದಿನಕ್ಕೆ ಗಟ್ಟಿಯಾಗುತ್ತಿತ್ತು. ಮಗಳನ್ನು ಕೇಳಲಿಲ್ಲ. ಕೇಳುವುದೇನು, ಮೂಗು ಹೇಳುತ್ತಿದೆಯಲ್ಲ!

ನಾಲ್ಕನೆಯ ದಿನ ಬೆಳಿಗ್ಗೆ ಹನ್ನೊಂದಕ್ಕೆ ಕ್ಲಿನಿಕ್ಕಿಗೆ ನುಗ್ಗಿದಳು. ಆರು ಜನ ಕೂತಿದ್ದರು, ಒಬ್ಬನ ದವಡೆಯಲ್ಲಿ ಹತ್ತಿ. ಅವರೆಲ್ಲರ ಎದುರು ಕೇಳಿದಳು: "ನನ್ನ ಮಗಳ ಶಾಲಿಗೆ ನಿಮ್ಮ ಸೆಂಟು ಹೇಗೆ ಬಂತು ಡಾಕ್ಟ್ರೇ? ಎಲ್ಲರಿಗೂ ಕೇಳೋ ಹಾಗೆ ಹೇಳಿ." ಅಷ್ಟಕ್ಕೇ ನಿಲ್ಲಿಸಲಿಲ್ಲ. ಹೇಳಬಾರದ ಇನ್ನೂ ನಾಲ್ಕು ಮಾತು ಹೇಳಿದಳು. ಅದರಲ್ಲಿ ಎರಡು ಮಗಳ ಬಗ್ಗೆ.

ಡಾಕ್ಟರು ಕೈಗವಸು ಹಾಕಿಕೊಂಡವನು ಹಾಗೇ ಕಕ್ಕಾಬಿಕ್ಕಿಯಾಗಿ ನಿಂತಿದ್ದ. ಆಮೇಲೆ ಕಿಟಕಿಯ ಹತ್ತಿರ ಹೋಗಿ, ಪರದೆಯ ಹಿಂದಿನಿಂದ ಸೀಸೆ ತೆಗೆದ. "ನಮ್ಮ ಮನೆಯವಳಿಗೆ ಈ ವಾಸನೆ ಆಗಲ್ಲಮ್ಮ. ಇಷ್ಟು ದುಡ್ಡು ಕೊಟ್ಟಿದ್ದು ಬಿಸಾಕೋದ್ಯಾಕೆ, ಇಲ್ಲಿ ಔಷಧದ ನಾತವಾದರೂ ಹೋಗಲಿ ಅಂತ ದಿನಾ ಬೆಳಿಗ್ಗೆ ಪರದೆಗೆ ಹೊಡೀತೀನಿ," ಎಂದು ಎರಡು ಸಲ ಸಿಂಪಡಿಸಿಯೂ ತೋರಿಸಿದ. ಪರದೆಯ ಪಕ್ಕದಲ್ಲೇ ಮೊಳೆ. ಮೊಳೆಯ ಮೇಲೆ ಮಗಳ ಶಾಲು.

ದವಡೆಯಲ್ಲಿ ಹತ್ತಿ ಇಟ್ಟುಕೊಂಡವನು ಮೊದಲು ನಕ್ಕ.

ಅಂದು ಸಂಜೆ ಮನೆಗೆ ಬಂದ ಮಗಳು ಅಳಲಿಲ್ಲ, ಕೂಗಾಡಲೂ ಇಲ್ಲ. ಚಪ್ಪಲಿ ಬಿಡದೆ ಬಾಗಿಲಲ್ಲೇ ನಿಂತು ಕೇಳಿದಳು: "ಅಂಗಡೀಲಿ ಎಲ್ಲರಿಗೂ ಸಂಜೆವರೆಗೆ ಕಾಯಿರಿ ಅಂತೀಯಲ್ಲಮ್ಮ. ನನ್ನ ವಿಷಯಕ್ಕೆ ಒಂದು ಸಂಜೆ ಕಾಯೋಕೆ ಆಗಲಿಲ್ವಾ ನಿನಗೆ? ನನ್ನನ್ನೇ ಒಂದು ಮಾತು ಕೇಳೋಕೆ ಏನಾಗಿತ್ತು?"

ಆಗ ತಪ್ಪಾಯಿತು ಎಂದುಬಿಟ್ಟಿದ್ದರೆ ಮುಗಿಯುತ್ತಿತ್ತೋ ಏನೋ. ಸೆಂಟಕ್ಕ ಹೇಳಿದ್ದು ಬೇರೆ: "ವಾಸನೆ ಅದೇ ತಾನೇ? ಮೂಗಿಗೆ ಬಂದಿದ್ದು ಸುಳ್ಳಾ?"

ಆರು ಜನರಿಗೆ ಆರು ಬಾಯಿ. ಮಾತು ಡಾಕ್ಟರ ಹೆಂಡತಿಯ ಕಿವಿಗೆ ಬೀಳಲು ಮೂರು ದಿನವೂ ಬೇಕಾಗಲಿಲ್ಲ. ತಪ್ಪಿಲ್ಲದಿದ್ದರೂ ಕೆಲಸ ಹೋಯಿತು. ಮಗಳು ಒಂದು ಚೀಲ ತುಂಬಿಕೊಂಡು ಇನ್ನೊಂದು ಊರಿಗೆ ಹೊರಟಳು. ಶಾಲನ್ನು ಮನೆಯ ಗೂಟದ ಮೇಲೇ ಬಿಟ್ಟು ಹೋದಳು. ಅಲ್ಲಿಂದೀಚೆಗೆ ಏನಿದ್ದರೂ ಚಿಕ್ಕಮ್ಮನ ಮೂಲಕ. ಚಿಕ್ಕಮ್ಮನ ಬಾಯಲ್ಲಿ ಯಾವ ಮಾತೂ ನಿಲ್ಲುವುದಿಲ್ಲವಾದ್ದರಿಂದ ಸುದ್ದಿಗೇನೂ ಬರವಿರಲಿಲ್ಲ: ಮಗಳಿಗೆ ಒಂದು ಶಾಲೆಯ ಕಚೇರಿಯಲ್ಲಿ ಕೆಲಸ ಸಿಕ್ಕಿದ್ದು, ಬಾಡಿಗೆಯ ಒಂದು ಕೋಣೆ ಹಿಡಿದಿದ್ದು, ಕೂದಲು ಗಿಡ್ಡ ಮಾಡಿಸಿಕೊಂಡಿದ್ದು. ಅಮ್ಮನ ವಿಷಯ ಎತ್ತಿದರೆ ಮಾತ್ರ ಫೋನು ಕಟ್ಟಾಗುತ್ತಿತ್ತು.

ಮಗಳು ಹೋದ ವರ್ಷವೇ ಕೌಂಟರೂ ಹೋಯಿತು. ಗಿರಾಕಿಗಳು ಬಂದು ಸೆಂಟಕ್ಕನ ಕೈಯಿಂದ ಸಿಂಪಡಿಸಿಕೊಂಡು, ಸಂಜೆವರೆಗೆ ಕಾದು, ಸೀಸೆಯ ಫೋಟೋ ಹೊಡೆದುಕೊಂಡು ಫೋನಿನಲ್ಲೇ ತರಿಸುತ್ತಿದ್ದರು. ಮೂಗು ಇವಳದು, ವ್ಯಾಪಾರ ಇನ್ನೊಬ್ಬರದು. ಕೊನೆಗೆ ಆ ಇನ್ನೊಬ್ಬರ ಗೋದಾಮಿಗೇ ಅವಳು ಕೆಲಸ ಕೇಳಿಕೊಂಡು ಬಂದಳು. ಫೋಟೋ ನೋಡಿ ಸೆಂಟು ಕೊಳ್ಳುವವರ ಬಗ್ಗೆ ಬಾಯಿಗೆ ಬಂದಂತೆ ಆಡಿಕೊಳ್ಳುತ್ತಿದ್ದವಳು, ಅದೇ ಅನ್ನ ಉಣ್ಣತೊಡಗಿದಳು.

ಈ ವರ್ಷ ಮಗಳಿಗೆ ಮೂವತ್ತು ತುಂಬುವುದಿತ್ತು. ಅದಕ್ಕೆಂದು ಸೆಂಟಕ್ಕ ಎರಡು ತಿಂಗಳು ಮೊದಲೇ ಶುರು ಮಾಡಿದ್ದಳು. ಕಂಪನಿಯ ಪುಟದಲ್ಲಿ ಒಂದೊಂದು ಸೆಂಟಿನ ಕೆಳಗೂ ಬರೆದಿದ್ದನ್ನು ಕನ್ನಡಕ ಏರಿಸಿ ಓದಿದಳು. 'ಮುಂಜಾನೆಯ ಇಬ್ಬನಿಯಲ್ಲಿ ನಡೆದಂತೆ', 'ಹಳೆಯ ಗೆಳೆಯನ ನಗುವಿನಂತೆ'. ಬರೆದವನು ಸೀಸೆಯ ಮುಚ್ಚಳವನ್ನೂ ತೆಗೆದಿರಲಿಕ್ಕಿಲ್ಲ ಎಂದುಕೊಂಡಳು. ಕೆಲಸದವರಿಗೆ ತಿಂಗಳಿಗೆ ಆರು ಟೆಸ್ಟರ್ ತೆಗೆದುಕೊಳ್ಳುವ ಅವಕಾಶವಿತ್ತು. ಹನ್ನೆರಡು ತಂದಳು. ರಜೆಯ ದಿನ ಒಂದು, ಕೆಲಸ ಮುಗಿಸಿ ಬಂದ ಮೇಲೆ ಕೈ ತಿಕ್ಕಿ ತೊಳೆದು ಒಂದು, ಹೀಗೆ ಒಂದೊಂದನ್ನೇ ತನ್ನ ಎಡ ಮಣಿಕಟ್ಟಿಗೆ ಹಚ್ಚಿ ಗಂಟೆಗಟ್ಟಲೆ ಕಾದಳು. ಮಗಳ ಮೈಯೂ ತನ್ನ ಮೈಯೂ ಒಂದೇ ಜಾತಿ. ನಿಂಬೆಯಂಥದ್ದು ಹಚ್ಚಿದರೆ ಗಂಟೆಯೊಳಗೆ ಹುಳಿಯಾಗುತ್ತದೆ, ಮಲ್ಲಿಗೆಯಂಥದ್ದು ತಲೆಗೇರುತ್ತದೆ. ಹನ್ನೊಂದನೆಯದು ಮೊದಲು ಏನೂ ಅನ್ನಿಸಲಿಲ್ಲ. ಐದು ಗಂಟೆ ಕಳೆದ ಮೇಲೆ ಬಿಸಿಲಿಗೆ ಒಣಗಿದ ಬಟ್ಟೆಯನ್ನು ಮುಖಕ್ಕೆ ಒತ್ತಿಕೊಂಡಂಥ ವಾಸನೆ ಉಳಿಯಿತು. ಮಗಳು ಚಿಕ್ಕವಳಿದ್ದಾಗ ಮಹಡಿಯಿಂದ ಬಟ್ಟೆ ತಂದು ರಾಶಿ ಹಾಕಿದರೆ ಅದರೊಳಗೆ ತಲೆ ತೂರಿಸಿ ಮಲಗುತ್ತಿದ್ದಳು. ಸೆಂಟಕ್ಕ ಮಣಿಕಟ್ಟನ್ನು ಮೂಗಿಗೆ ಹಿಡಿದುಕೊಂಡೇ ಅಡುಗೆಮನೆಯಲ್ಲಿ ಅತ್ತಳು.

ಉಡುಗೊರೆಗೆ ಒಂದು ಸಣ್ಣ ಕಾರ್ಡು ಇರುತ್ತದೆ. ಒಂದು ಸಾಲು ಬರೆಯಬಹುದು, ಅಷ್ಟೇ.

"ತಪ್ಪಾಯ್ತು ಅಂತ ಬರಿ," ಎಂದಿದ್ದಳು ತಂಗಿ. "ಮೂರಕ್ಷರ ಸಾಕು ಕಣೇ."

"ಇಷ್ಟು ದಿನ ಆದ್ಮೇಲೆ ಕಾರ್ಡಲ್ಲಿ ತಪ್ಪಾಯ್ತು ಅಂದ್ರೆ ಚೆನ್ನಾಗಿರುತ್ತಾ? ಸೆಂಟೇ ಹೇಳುತ್ತೆ ಬಿಡು. ಹಚ್ಚಿದರೆ ಗೊತ್ತಾಗುತ್ತೆ ಅವಳಿಗೆ."

"ಎಲ್ಲಾನೂ ನಿನ್ನ ಮೂಗಿನ ನೇರಕ್ಕೇ ನೋಡ್ತೀಯಲ್ಲ ಅಕ್ಕ."

ಸೆಂಟಕ್ಕ ಕೇಳಲಿಲ್ಲ. 'ಇದು ನಿನ್ನ ಮೈಗೆ ಒಗ್ಗುತ್ತದೆ. — ಅಮ್ಮ' ಎಂದು ಬರೆದು, ಹನ್ನೊಂದನೆಯದನ್ನು ಕಂಪನಿಯ ಮೂಲಕವೇ ಕಳಿಸಿದಳು.

ಅವತ್ತು ಊಟದ ಬಿಡುವು ಮುಗಿದ ಮೇಲೆ ಎರಡನೆಯ ಗಾಡಿ ಬಂತು. ಕತ್ತರಿ ಡಬ್ಬಿಗಳನ್ನು ಸರಸರ ಕೊಯ್ದು ಮೇಜಿನ ಮೇಲೆ ಸಾಲಾಗಿ ತಳ್ಳುತ್ತಿದ್ದಳು. ಸೆಂಟಕ್ಕ ಐದನೆಯದಕ್ಕೆ ಕೈ ಹಾಕಿದಾಗ ಮೊದಲು ಕಂಡದ್ದು ಉಡುಗೊರೆಯ ನೀಲಿ ದಾರ. ಬಿಚ್ಚಿ ಮತ್ತೆ ಕಟ್ಟಿದ್ದರು, ಎರಡು ಗಂಟು. ಮಗಳು ಸಣ್ಣವಳಿದ್ದಾಗಿನಿಂದ ಶಾಲೆಯ ಬೂಟಿನ ದಾರಕ್ಕೂ ಎರಡು ಗಂಟು ಹಾಕುತ್ತಿದ್ದಳು. ಸೆಂಟಕ್ಕ ಡಬ್ಬಿಯನ್ನು ಹತ್ತಿರಕ್ಕೆ ಎಳೆದುಕೊಂಡು ಮೇಲಿನ ಚೀಟಿ ಓದಿದಳು. ಕಳಿಸಿದವರ ಹೆಸರು ಮಗಳದೇ.

ತಂಗಿ ಬೆಳಿಗ್ಗೆ ಸುಳ್ಳು ಹೇಳಿದ್ದಳು. ಚೀಟಿಯ ತಾರೀಕಿನ ಪ್ರಕಾರ ಡಬ್ಬಿ ಹೊರಟು ಮೂರು ದಿನವಾಗಿತ್ತು; ಪಾಪ, ಅಕ್ಕನ ಹೊಟ್ಟೆ ತಣ್ಣಗಿರಲಿ ಎಂದು ಹಾಲು ಉಕ್ಕುವ ನೆಪ ಹೇಳಿ ಫೋನು ಇಟ್ಟಿದ್ದಳು.

ಸರಿ, ಹಿಡಿಸಿಲ್ಲ. ಹಿಡಿಸದೆ ಇರಬಹುದು. ನಾಲ್ಕು ವರ್ಷದಲ್ಲಿ ಮೈ ಬದಲಾಗಿರಬಹುದು, ನೀರು ಬೇರೆ, ಊಟ ಬೇರೆ. ಹಚ್ಚಿ ನೋಡಿ ಬೇಡ ಎನ್ನುವುದು ಗಿರಾಕಿಯ ಹಕ್ಕು, ಅದರಲ್ಲಿ ಬೇಜಾರು ಮಾಡಿಕೊಳ್ಳುವಂಥದ್ದೇನಿದೆ? ಹೀಗೆಲ್ಲ ತನಗೆ ತಾನೇ ಹೇಳಿಕೊಳ್ಳುತ್ತ ಅವಳು ಚೀಟಿ ಓದುವ ಯಂತ್ರವನ್ನು ಡಬ್ಬಿಗೆ ಹಿಡಿದಳು. ಕಂಪ್ಯೂಟರಿನ ಪರದೆಯ ಮೇಲೆ ವಾಪಸಾತಿಗೆ ಕಾರಣಗಳ ಪಟ್ಟಿ ಬಂತು. ಸೀಸೆ ಸೋರಿದೆ, ತಡವಾಗಿ ಬಂದಿದೆ, ಕೇಳಿದ್ದೊಂದು ಬಂದದ್ದೊಂದು. ಗುರುತು ಬಿದ್ದದ್ದು ನಾಲ್ಕನೆಯದಕ್ಕೆ.

'ಹಚ್ಚಿ ನೋಡಿದೆ, ಮೈಗೆ ಒಗ್ಗಲಿಲ್ಲ.'

ಪಟ್ಟಿ ಕಂಪನಿಯದು, ಮಾತು ಕಂಪನಿಯದು. ದಿನಕ್ಕೆ ನಲವತ್ತು ಜನ ಒತ್ತುವ ಗುಂಡಿ ಅದು. ಅವಳು ಅದನ್ನು ಮೂರು ಸಲ ಓದಿದಳು.

ದಾರ ಬಿಚ್ಚಿದಳು. ಕಾರ್ಡಿನ ಲಕೋಟೆ ಹರಿದಿತ್ತು. ಮಗಳು ಕಾರ್ಡು ಓದಿ ಅದರಲ್ಲೇ ವಾಪಸು ಇಟ್ಟಿದ್ದಳು. ದೊಡ್ಡ ಸೀಸೆಯ ಮೇಲಿನ ಪ್ಲಾಸ್ಟಿಕ್ ಹಾಗೇ ಇತ್ತು. ಪಕ್ಕದ ಗುಳಿಯಲ್ಲಿ ಟೆಸ್ಟರ್. ಸೆಂಟಕ್ಕ ಅದನ್ನು ಬೆಳಕಿಗೆ ಹಿಡಿದಳು. ಕತ್ತಿನವರೆಗೂ ತುಂಬಿತ್ತು. ಮುಚ್ಚಳಕ್ಕೆ ಸುತ್ತಿದ ತೆಳ್ಳನೆಯ ಕಾಗದದ ಪಟ್ಟಿ ಹರಿದಿರಲಿಲ್ಲ, ಉಗುರಿನ ಗುರುತು ಕೂಡ ಅದರ ಮೇಲಿರಲಿಲ್ಲ. ಆದರೂ ಮೂಗಿಗೆ ಹಿಡಿದಳು. ಗಾಜಿನ ವಾಸನೆ, ರಟ್ಟಿನ ವಾಸನೆ. ಮಗಳ ಬೆರಳಿನದೂ ಇರಲಿಲ್ಲ.

ಹಚ್ಚಿ ನೋಡಿರಲಿಲ್ಲ. ತೆರೆದೇ ಇರಲಿಲ್ಲ. ಅಮ್ಮ ಎಲ್ಲಿ ಕೆಲಸ ಮಾಡುತ್ತಾಳೆ, ಏನು ಕೆಲಸ ಮಾಡುತ್ತಾಳೆ ಎಂಬುದು ಚಿಕ್ಕಮ್ಮನ ಬಾಯಿಂದ ಅವಳಿಗೆ ಗೊತ್ತಿಲ್ಲದೆ ಇರಲು ಸಾಧ್ಯವೇ ಇರಲಿಲ್ಲ. ಈ ಡಬ್ಬಿ ಯಾರ ಕೈಗೆ ಬರುತ್ತದೆ, ಯಾರ ಮೂಗಿನ ಕೆಳಗೆ ಬಿಚ್ಚಿಕೊಳ್ಳುತ್ತದೆ ಎಂಬುದೂ. ನೋಡದೆ, ಕೇಳದೆ ತೀರ್ಪು ಕೊಟ್ಟರೆ ಹೇಗಿರುತ್ತದೆ ಎಂದು ತಿಳಿಯಲಿ ಎಂದೇ ಕಳಿಸಿದ್ದಳು. ಸೆಂಟಕ್ಕನಿಗೆ ಸಿಟ್ಟು ಬಂತು. ಒಂದು ಹನಿ, ಒಂದೇ ಒಂದು ಹನಿ ಹಚ್ಚಿದ್ದರೆ ಏನು ಗಂಟು ಹೋಗುತ್ತಿತ್ತು ಇವಳಿಗೆ? ಟೆಸ್ಟರನ್ನು ಮತ್ತೊಮ್ಮೆ ಬೆಳಕಿಗೆ ಹಿಡಿದಳು.

"ಏನಾಯ್ತು ಸೆಂಟಕ್ಕ? ಒಡೆದಿದೆಯಾ?" ಕತ್ತರಿ ಆಚೆಯಿಂದ ಕೇಳಿದಳು.

"ಇಲ್ಲ."

"ಮತ್ತೆ? ಹಸಿರು ಹಾಕ್ಲಾ?" ಕತ್ತರಿ ಹಸಿರು ಚೀಟಿಯ ಸುರುಳಿಯನ್ನು ಆಗಲೇ ಎತ್ತಿಕೊಂಡಿದ್ದಳು. "ನೋಡಿದರೆ ಮುಟ್ಟಿದ ಹಾಗಿಲ್ಲ. ಎಷ್ಟು ಕಾಳಜಿಯಿಂದ ಕಟ್ಟಿದಾರೆ ನೋಡಿ, ಹೆಣ್ಣುಮಕ್ಕಳದೇ ಕೈ. ಯಾರೋ ಕಳಿಸಿದ ಉಡುಗೊರೆ, ಇವಳಿಗೆ ಬೇಡವಾಗಿದೆ. ಕೊಟ್ಟವನ ಮುಖ ಹೇಗಾಗಿರುತ್ತೋ ಪಾಪ!"

ಹಸಿರು ಬಿದ್ದರೆ ಡಬ್ಬಿ ಕಪಾಟಿಗೆ ಹೋಗುತ್ತದೆ. ನಾಳೆ ಇನ್ನಾರೋ ಫೋನಿನಲ್ಲಿ ಚಿತ್ರ ನೋಡಿ ತರಿಸುತ್ತಾರೆ. 'ಮುಟ್ಟಿಲ್ಲ' ಎಂಬುದು ಕಂಪನಿಯ ಲೆಕ್ಕದಲ್ಲಿ ಮಗಳ ಹೆಸರಿನ ಮುಂದೆ ಹಾಗೇ ಉಳಿಯುತ್ತದೆ.

"ತಡಿ," ಎಂದಳು ಸೆಂಟಕ್ಕ.

ಕತ್ತರಿ ಮುಂದಿನ ಡಬ್ಬಿಗೆ ತಿರುಗಿದಳು. ಸೆಂಟಕ್ಕ ಟೆಸ್ಟರಿನ ಕಾಗದದ ಪಟ್ಟಿಗೆ ಉಗುರು ಹಾಕಿ ಸೀಳಿದಳು. ಮುಚ್ಚಳ ತೆಗೆದು, ಎಡ ಮಣಿಕಟ್ಟಿನ ಮೇಲೆ ಎರಡು ಹನಿ ಬಿಟ್ಟುಕೊಂಡಳು. ಉಜ್ಜಲಿಲ್ಲ. ಮೂಗಿಗೂ ಹಿಡಿಯಲಿಲ್ಲ. ಮುಚ್ಚಳ ಹಾಕಿ ಟೆಸ್ಟರನ್ನು ಕಸದ ತಟ್ಟೆಗೆ ಹಾಕಿದಳು. ಕಾರ್ಡನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಹಳದಿ ಚೀಟಿಯನ್ನು ಹರಿದು ಡಬ್ಬಿಯ ಮೇಲೆ ಹೆಬ್ಬೆರಳಿನಿಂದ ಒತ್ತಿ ಒತ್ತಿ ಅಂಟಿಸಿದಳು.

"ಹಳದಿನಾ?" ಕತ್ತರಿಗೆ ಆಶ್ಚರ್ಯವಾಯಿತು. "ನನಗೆ ತುಂಬಿದ ಹಾಗೆ ಕಾಣಿಸ್ತಲ್ಲ."

"ಹಚ್ಚಿ ನೋಡಿದಾರೆ," ಎಂದಳು ಸೆಂಟಕ್ಕ. "ಎರಡು ಹನಿ."

"ನಿಮ್ಮ ಮೂಗಿಗೆ ನಾನು ಎದುರಾಡ್ತೀನಾ," ಎಂದು ಕತ್ತರಿ ಮುಂದಿನದನ್ನು ತಳ್ಳಿದಳು.

ಆಮೇಲೆ ಇಪ್ಪತ್ತೆಂಟು ಡಬ್ಬಿ ಬಂದವು. ಸೆಂಟಕ್ಕ ಎಲ್ಲವನ್ನೂ ಬಲಗೈಯಲ್ಲೇ ಎತ್ತಿ ನೋಡಿದಳು. ನಡುನಡುವೆ ಮೊಣಕೈಗೆ ಮೂಗು ಒಡ್ಡುವಾಗ ಬಲ ಮೊಣಕೈಯನ್ನೇ ಒಡ್ಡಿದಳು.

ಕೆಲಸ ಮುಗಿದ ಗಂಟೆಯಾದಾಗ ಎಲ್ಲರೂ ತೊಟ್ಟಿಯ ಮುಂದೆ ಸಾಲುಗಟ್ಟಿದರು. ಮನೆಗೆ ಹೊರಡುವ ಮೊದಲು ಮೊಣಕೈವರೆಗೆ ಸಾಬೂನು ಹಚ್ಚಿ ತೊಳೆದುಕೊಳ್ಳುವುದು ಆ ಕೋಣೆಯ ರೂಢಿ. ಇಲ್ಲದಿದ್ದರೆ ಊರವರ ಸೆಂಟೆಲ್ಲ ಬಸ್ಸು ಹತ್ತುತ್ತದೆ, ಮನೆಯ ಹಾಸಿಗೆಗೂ ಬರುತ್ತದೆ. ತನ್ನ ಸರದಿ ಬಂದಾಗ ಸೆಂಟಕ್ಕ ಬಲಗೈಯನ್ನು ನಲ್ಲಿಯ ಕೆಳಗೆ ಒಡ್ಡಿ, ಎಡಗೈಯನ್ನು ನೀರಿಗೆ ತಾಗದ ಹಾಗೆ ಹಿಂದಕ್ಕೆ ಹಿಡಿದುಕೊಂಡಳು. ಒಂದೇ ಕೈಯಲ್ಲಿ ಸಾಬೂನು ಜಾರುತ್ತಿತ್ತು.

"ಆ ಕೈ ಯಾಕೆ ಬಿಟ್ರಿ?" ಹಿಂದೆ ನಿಂತ ಕತ್ತರಿ ಕೇಳಿದಳು. "ಗಾಯ ಆಗಿದೆಯಾ?"

"ಇಲ್ಲ. ಸಂಜೆವರೆಗೆ ಕಾಯಬೇಕು."

ಕತ್ತರಿ ಕಿಟಕಿಯ ಕಡೆ ಗಲ್ಲ ಎತ್ತಿ ತೋರಿಸಿದಳು. ಹೊರಗೆ ಗೋದಾಮಿನ ಅಂಗಳದಲ್ಲಿ ಗಾಡಿಗಳ ದೀಪ ಹೊತ್ತಿದ್ದವು.

"ಇನ್ನೆಲ್ಲಿ ಸಂಜೆ ಸೆಂಟಕ್ಕ? ಆಗಲೇ ಕತ್ತಲಾಯ್ತು."

ಸೆಂಟಕ್ಕ ನಲ್ಲಿ ನಿಲ್ಲಿಸಿದಳು. ಒದ್ದೆಯ ಬಲಗೈಯನ್ನು ಸೆರಗಿಗೆ ಒರೆಸಿಕೊಂಡು, ಎಡಗೈಯನ್ನು ಮೈಯಿಂದ ದೂರವೇ ಹಿಡಿದುಕೊಂಡು, ಸಾಲಿನಿಂದ ಪಕ್ಕಕ್ಕೆ ಸರಿದಳು.